23 ವರ್ಷ ತಡವಾಗಿ ಬಂದ ಪದಕ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಕಳೆದ ಗಣರಾಜ್ಯೋತ್ಸವದ ದಿನ ಬೆಳಿಗ್ಗೆ ಹುಮನಾಬಾದಿನಲ್ಲಿ ಬಸ್ಸಿಗಾಗಿ ಹೊರಟಿದ್ದೆ. ದಾರಿಯಲ್ಲಿ ಒಂದು ಬ್ಯಾಂಕಿನ ಮುಂದೆ ಧ್ವಜಾರೋಹಣ ನಡೆದಿತ್ತು. ದಿನಾಲೂ ಬಾಗಿಲ ಬಳಿ ಬಂದೂಕು ಹಿಡಿದು ನಿಲ್ಲುವ ಕಾವಲುಗಾರ ಕಾಕಾ ಅಂದು ಇಸ್ತ್ರಿ ಮಾಡಿದ ಕೋಟು ಹಾಕಿದ್ದರು. ಎಡಗಡೆ ಎದೆಯ ಮೇಲೆ ನಾಲ್ಕು ಪದಕಗಳು ತೂಗುತ್ತಿದ್ದವು. ಅವರು ಸೈನ್ಯದಿಂದ ನಿವೃತ್ತರಾದವರು ಎಂದು ಗೊತ್ತಿತ್ತು, ಪದಕಗಳಿದ್ದದ್ದು ಗೊತ್ತಿರಲಿಲ್ಲ. ಸಿಹಿ ಹಂಚುವಾಗ ಹತ್ತಿರ ಹೋಗಿ, "ಕಾಕಾ, ಇಷ್ಟು ಬಹಾದ್ದೂರಿ ಮಾಡೀರಾ?" ಎಂದು ಕೇಳಿದೆ.

ಅವರು ನಕ್ಕರು. "ಇದರಾಗ ಒಂದೂ ಬಹಾದ್ದೂರಿ ಪದಕ ಅಲ್ಲಪ. ಇದು ಒಂಬತ್ತು ವರ್ಷ ಸೇವಾ ಮಾಡಿದ್ದಕ್ಕ. ಇದು ಇಪ್ಪತ್ತು ವರ್ಷಕ್ಕ. ಇದು ಸ್ವಾತಂತ್ರ್ಯಕ್ಕ ಐವತ್ತು ವರ್ಷ ತುಂಬಿದಾಗ ಎಲ್ಲರಿಗೂ ಕೊಟ್ಟಿದ್ದು. ಇದೊಂದು ಸಿಯಾಚಿನ್‌ದು" ಎಂದರು. ಸಿಯಾಚಿನ್ ಎನ್ನುವಾಗ ಮಾತ್ರ ಅವರ ಕೈ ಆ ಪದಕದ ಮೇಲೆ ಒಂದು ಕ್ಷಣ ನಿಂತಿತು.

ಅಂದು ಬಸ್ಸು ಸಸ್ತಾಪುರ ಬಂಗ್ಲಾ ದಾಟಿ ಬಸವಕಲ್ಯಾಣ ತಲುಪುವವರೆಗೂ ನನಗೆ ಅದೇ ಯೋಚನೆ. ಸೈನಿಕರ ಎದೆಯ ಮೇಲಿನ ಪದಕಗಳನ್ನು ನಾವು ಎಷ್ಟೋ ಸಲ ನೋಡಿದ್ದೇವೆ, ಆದರೆ ಅವುಗಳನ್ನು ಓದಲು ನಮಗೆ ಬರುವುದಿಲ್ಲ. ಅಂದಿನಿಂದ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ನಮ್ಮ ಕರ್ನಾಟಕದ ಒಬ್ಬ ಅಧಿಕಾರಿಯ ಕಥೆ ಸಿಕ್ಕಿತು. ಆ ಕಥೆಯನ್ನೂ, ಅದನ್ನು ಅರ್ಥಮಾಡಿಕೊಳ್ಳಲು ಬೇಕಾದ ಪದಕಗಳ ಮಾಹಿತಿಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಪದಕಗಳನ್ನು ಓದುವುದು ಹೇಗೆ?

ಸೈನ್ಯದ ಪದಕಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಶೌರ್ಯಕ್ಕೆ ಕೊಡುವುದು. ಎರಡನೆಯದು ಬಹುಕಾಲದ ವಿಶಿಷ್ಟ ಸೇವೆಗೆ ಕೊಡುವುದು. ಪರಮ ವಿಶಿಷ್ಟ ಸೇವಾ ಪದಕ, ಅತಿ ವಿಶಿಷ್ಟ ಸೇವಾ ಪದಕ, ವಿಶಿಷ್ಟ ಸೇವಾ ಪದಕ ಈ ಬಗೆಯವು. ಮೂರನೆಯದು ಒಂದು ಯುದ್ಧದಲ್ಲಿ, ಒಂದು ಕಷ್ಟದ ಜಾಗದಲ್ಲಿ ಅಥವಾ ಇಷ್ಟು ವರ್ಷ ಕೆಲಸ ಮಾಡಿದ್ದಕ್ಕೆ ಕೊಡುವುದು. ಕಾಕಾ ಅವರ ನಾಲ್ಕೂ ಪದಕಗಳು ಈ ಮೂರನೆಯ ಬಗೆಯವು.

ಪದಕದಷ್ಟೇ ಮುಖ್ಯವಾದದ್ದು ಅದರ ಮೇಲಿನ ಬಣ್ಣದ ರಿಬ್ಬನ್. ದಿನನಿತ್ಯದ ಸಮವಸ್ತ್ರದ ಮೇಲೆ ಪದಕ ತೂಗುವುದಿಲ್ಲ, ರಿಬ್ಬನ್ನಿನ ಚಿಕ್ಕ ಪಟ್ಟಿ ಮಾತ್ರ ಇರುತ್ತದೆ. ಬಲ್ಲವರು ಆ ಬಣ್ಣ ನೋಡಿಯೇ ಯಾವ ಪದಕ ಎಂದು ಹೇಳುತ್ತಾರೆ. ಪದಕಗಳ ಸಾಲಿಗೂ ಒಂದು ಕ್ರಮವಿದೆ. ಅತಿ ದೊಡ್ಡ ಪದಕ ಎದೆಯ ಮಧ್ಯಕ್ಕೆ ಹತ್ತಿರ ಇರುತ್ತದೆ, ಉಳಿದವು ದೊಡ್ಡದರಿಂದ ಚಿಕ್ಕದಕ್ಕೆ ತೋಳಿನ ಕಡೆಗೆ ಸಾಗುತ್ತವೆ. ನಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಗಳನ್ನು ಮನಬಂದಂತೆ ಬರೆಯುವುದಿಲ್ಲವಲ್ಲ, ಹಾಗೆಯೇ ಇದು.

ಶೌರ್ಯದ ಮೂರು ಮೆಟ್ಟಿಲು

ಯುದ್ಧದಲ್ಲಿ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ನಮ್ಮ ದೇಶದಲ್ಲಿ ಮೂರು ಚಕ್ರಗಳಿವೆ: ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಇವುಗಳನ್ನು 1950ರ ಜನವರಿ 26ರಂದು, ಅಂದರೆ ಭಾರತ ಗಣರಾಜ್ಯವಾದ ದಿನವೇ, ಸ್ಥಾಪಿಸಲಾಯಿತು. ಆದರೆ 1947ರ ಆಗಸ್ಟ್ 15ರಿಂದಲೇ ಅನ್ವಯ ಎಂದು ಮಾಡಿದ್ದರಿಂದ 1947-48ರ ಕಾಶ್ಮೀರ ಯುದ್ಧದ ವೀರರಿಗೂ ಇವು ಸಿಕ್ಕವು.

ಪರಮವೀರ ಚಕ್ರ ಕಂಚಿನದು, ರಿಬ್ಬನ್ ಪೂರ್ತಿ ನೇರಳೆ ಬಣ್ಣದ್ದು. ಇಂದಿನವರೆಗೆ ಇದನ್ನು ಪಡೆದವರು 21 ಮಂದಿ ಮಾತ್ರ, ಅವರಲ್ಲಿ 14 ಮಂದಿಗೆ ಮರಣೋತ್ತರವಾಗಿ ಸಿಕ್ಕಿದೆ. ಇದನ್ನು ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಅವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯೊಬ್ಬರನ್ನು ಮದುವೆಯಾಗಿ, ಈ ದೇಶದವರೇ ಆದವರು. ಪದಕದ ಮೇಲೆ ಇಂದ್ರನ ವಜ್ರಾಯುಧದ ನಾಲ್ಕು ರೂಪಗಳಿವೆ. ದಧೀಚಿ ಋಷಿ ತನ್ನ ಮೂಳೆಗಳನ್ನೇ ಆಯುಧಕ್ಕಾಗಿ ಕೊಟ್ಟ ಕಥೆಯ ನೆನಪು ಅದು.

ಮಹಾವೀರ ಚಕ್ರ ಬೆಳ್ಳಿಯದು. ದುಂಡಗಿನ ಬೆಳ್ಳಿಯ ಮೇಲೆ ಐದು ಮೂಲೆಯ ನಕ್ಷತ್ರ, ಅದರ ನಡುವೆ ಚಿನ್ನದ ಲೇಪನದ ರಾಷ್ಟ್ರಲಾಂಛನ. ರಿಬ್ಬನ್ ಅರ್ಧ ಬಿಳಿ, ಅರ್ಧ ಕಿತ್ತಳೆ. ವೀರ ಚಕ್ರವೂ ಬೆಳ್ಳಿಯದೇ, ಅದರ ರಿಬ್ಬನ್ ಅರ್ಧ ಕಡುನೀಲಿ, ಅರ್ಧ ಕೇಸರಿ. ಒಬ್ಬರಿಗೇ ಎರಡನೇ ಸಲ ಅದೇ ಪದಕ ಸಿಕ್ಕರೆ ಹೊಸ ಪದಕ ಕೊಡುವುದಿಲ್ಲ, ಮೊದಲಿನ ರಿಬ್ಬನ್ನಿಗೆ ಒಂದು ಲೋಹದ ಪಟ್ಟಿ ಸೇರಿಸುತ್ತಾರೆ. ಅದಕ್ಕೆ ಬಾರ್ ಎನ್ನುತ್ತಾರೆ.

ಯುದ್ಧಭೂಮಿಯ ಹೊರಗೆ, ಉದಾಹರಣೆಗೆ ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯಲ್ಲಿ, ತೋರಿದ ಶೌರ್ಯಕ್ಕೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಎಂಬ ಬೇರೆ ಮೂರು ಇವೆ. 2008ರಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಮಡಿದ, ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೂ, 2007ರಲ್ಲಿ ಕಾಶ್ಮೀರದ ಉರಿ ವಲಯದಲ್ಲಿ ಮಡಿದ ಬೆಂಗಳೂರಿನ ಕರ್ನಲ್ ವಸಂತ್ ಅವರಿಗೂ ಸಿಕ್ಕಿದ್ದು ಅಶೋಕ ಚಕ್ರ.

ನಮ್ಮ ಮನೆಗಳಲ್ಲಿ ಹೆಚ್ಚು ಕೇಳಿಬರುವ ಎರಡು ಹೆಸರುಗಳನ್ನೂ ಇಲ್ಲಿ ಹೇಳಬೇಕು. ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ 1948ರ ಜುಲೈ 3ರಂದು ಕಾಶ್ಮೀರದ ಝಂಗರ್‌ನಲ್ಲಿ ಮಡಿದರು, ಅವರಿಗೆ ಮರಣೋತ್ತರ ಮಹಾವೀರ ಚಕ್ರ. ಅವರ ಸಮಾಧಿ ದೆಹಲಿಯ ಜಾಮಿಯಾ ಮಿಲಿಯಾ ಬಳಿ ಇದೆ. ಹವಾಲ್ದಾರ್ ಅಬ್ದುಲ್ ಹಮೀದ್ 1965ರ ಸೆಪ್ಟೆಂಬರ್ 10ರಂದು ಖೇಮ್‌ಕರಣ್ ಬಳಿ ಜೀಪಿನ ಮೇಲೆ ಕಟ್ಟಿದ ತೋಪಿನಿಂದ ಶತ್ರುವಿನ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದು ಪ್ರಾಣಕೊಟ್ಟರು, ಅವರಿಗೆ ಮರಣೋತ್ತರ ಪರಮವೀರ ಚಕ್ರ. ಅಬ್ದುಲ್ ಹಮೀದರಿಗಿಂತ ಮೂರೇ ದಿನ ಮೊದಲು, ಅದೇ ಯುದ್ಧದಲ್ಲಿ, ಆಕಾಶದಲ್ಲಿ ಮಡಿದವರು ನಾನು ಹೇಳಹೊರಟಿರುವ ಅಧಿಕಾರಿ. ಹಮೀದರಿಗೆ ಪದಕ ಕೂಡಲೇ ಘೋಷಣೆಯಾಯಿತು. ಇವರಿಗೆ 23 ವರ್ಷ ಹಿಡಿಯಿತು.

ವೋಚರ್ ಇಲ್ಲದೆ ಎಂಟ್ರಿ ಇಲ್ಲ

ಏಕೆ ಅಷ್ಟು ತಡ? ಇದು ತಿಳಿಯಬೇಕಾದರೆ ಪದಕ ಹೇಗೆ ಸಿಗುತ್ತದೆ ಎಂದು ತಿಳಿಯಬೇಕು.

ಅಕೌಂಟೆನ್ಸಿ ತರಗತಿಯಲ್ಲಿ ನಾವು ಮೊದಲು ಕಲಿಯುವ ಪಾಠ, ಆಧಾರವಿಲ್ಲದೆ ಪುಸ್ತಕದಲ್ಲಿ ಏನನ್ನೂ ಬರೆಯಬಾರದು ಎಂಬುದು. ಬಿಲ್ಲು, ರಸೀದಿ, ವೋಚರ್ ಏನಾದರೊಂದು ಬೇಕು. ಪದಕಗಳ ಲೆಕ್ಕವೂ ಹಾಗೆಯೇ. ಶೌರ್ಯ ತೋರಿದವನು ತಾನೇ ಅರ್ಜಿ ಹಾಕುವಂತಿಲ್ಲ. ಅವನ ತುಕಡಿಯ ಮುಖ್ಯಾಧಿಕಾರಿ ಘಟನೆಯನ್ನು ವಿವರವಾಗಿ ಬರೆದು ಶಿಫಾರಸು ಮಾಡಬೇಕು. ಕಣ್ಣಾರೆ ಕಂಡವರ ಹೇಳಿಕೆ ಬೇಕು. ಅದು ಮೇಲಿನ ಕಚೇರಿಗಳನ್ನು ದಾಟಿ, ರಕ್ಷಣಾ ಸಚಿವಾಲಯದ ಸಮಿತಿಯ ಮುಂದೆ ಹೋಗಿ, ಕೊನೆಗೆ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು, ಭಾರತದ ಗೆಜೆಟ್‌ನಲ್ಲಿ ಪ್ರಕಟವಾಗಬೇಕು. ಈಗ ಸಾಮಾನ್ಯವಾಗಿ ಜನವರಿ 26 ಮತ್ತು ಆಗಸ್ಟ್ 15ರಂದು ಹೆಸರುಗಳು ಹೊರಬರುತ್ತವೆ.

ಈ ಕಟ್ಟುನಿಟ್ಟು ಇರುವುದರಿಂದಲೇ ಪದಕಕ್ಕೆ ಬೆಲೆ. ಆದರೆ ಇದರಲ್ಲೊಂದು ಸಂಕಟವೂ ಇದೆ. ಯಾರೂ ನೋಡದ ಜಾಗದಲ್ಲಿ ಒಬ್ಬನೇ ಹೋರಾಡಿ ಸತ್ತವನಿಗೆ ಸಾಕ್ಷಿ ಯಾರು ಹೇಳಬೇಕು?

ಕೊಡಗಿನಿಂದ ಆಕಾಶಕ್ಕೆ

ಅಜ್ಜಮಾಡ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಅಜ್ಜಮಾಡ ಎನ್ನುವುದು ಅವರ ಮನೆತನದ ಹೆಸರು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕೊಡಗು ಚಿಕ್ಕ ಜಿಲ್ಲೆ, ಆದರೆ ಸೈನ್ಯಕ್ಕೆ ಅದು ಕೊಟ್ಟ ಹೆಸರುಗಳು ದೊಡ್ಡವು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕಾರ್ಯಪ್ಪನವರೂ, 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೂ ಅಲ್ಲಿಯವರೇ. ದೇವಯ್ಯ ಆರಿಸಿಕೊಂಡದ್ದು ವಾಯುಪಡೆಯನ್ನು. 1954ರಲ್ಲಿ ಅವರು ಪೈಲಟ್ ಅಧಿಕಾರಿಯಾಗಿ ಸೇರಿದರು.

ಮುಂದೆ ಅವರು ಬೋಧಕರಾದರು, ಅಂದರೆ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಮೇಷ್ಟ್ರು. 1965ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಅವರ ಹುದ್ದೆ ಸ್ಕ್ವಾಡ್ರನ್ ಲೀಡರ್, ವಯಸ್ಸು 32. ಮದುವೆಯಾಗಿ ಮಕ್ಕಳೂ ಇದ್ದರು. ಬೋಧಕರಾಗಿದ್ದವರನ್ನು ಯುದ್ಧದ ಹೊತ್ತಿಗೆ ಹೋರಾಟದ ತುಕಡಿಗಳಿಗೆ ಕಳಿಸಲಾಯಿತು. ದೇವಯ್ಯ ಬಂದದ್ದು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್ನಿಗೆ. ಅದನ್ನು ಟೈಗರ್ಸ್ ಎಂದು ಕರೆಯುತ್ತಾರೆ. ಅಲ್ಲಿದ್ದದ್ದು ಮಿಸ್ಟೇರ್ ಎಂಬ ಫ್ರೆಂಚ್ ವಿಮಾನಗಳು.

ಸೆಪ್ಟೆಂಬರ್ 7ರ ಬೆಳಗು

1965ರ ಸೆಪ್ಟೆಂಬರ್ 7ರಂದು ನಸುಕಿನಲ್ಲಿ ಈ ಸ್ಕ್ವಾಡ್ರನ್ನಿಗೆ ಒಂದು ಕಠಿಣ ಕೆಲಸ ಬಿತ್ತು. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಬೇಕು. ಸರ್ಗೋಧಾ ಆ ದೇಶದ ಅತ್ಯಂತ ಭದ್ರವಾದ ವಾಯುನೆಲೆಗಳಲ್ಲಿ ಒಂದು. ಸ್ಕ್ವಾಡ್ರನ್ನಿನ ಮುಖ್ಯಸ್ಥ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ಮುಂದಾಳತ್ವದಲ್ಲಿ ಹನ್ನೆರಡು ಮಿಸ್ಟೇರ್ ವಿಮಾನಗಳು ಹೋಗುವುದೆಂದು ಯೋಜನೆಯಾಗಿತ್ತು. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಯಾರದ್ದಾದರೂ ವಿಮಾನ ಕೈಕೊಟ್ಟರೆ ಬೇಕಾಗುತ್ತದೆ ಎಂದು ಕಾಯ್ದಿರಿಸಿದವರಲ್ಲಿ ಒಬ್ಬರಾಗಿದ್ದರು. ಕ್ರಿಕೆಟ್ಟಿನಲ್ಲಿ ಹನ್ನೆರಡನೇ ಆಟಗಾರ ಇರುತ್ತಾನಲ್ಲ, ಹಾಗೆ. ಕೊನೆಗೆ ಅವರೂ ದಾಳಿಗೆ ಹೊರಟರು.

ದಾಳಿ ಮುಗಿಸಿ ವಿಮಾನಗಳು ನೆಲಕ್ಕೆ ಹತ್ತಿರವಾಗಿ ವೇಗದಲ್ಲಿ ಹಿಂತಿರುಗುತ್ತಿದ್ದವು. ಆಗ ದೇವಯ್ಯ ಅವರ ಬೆನ್ನು ಹತ್ತಿದ್ದು ಪಾಕಿಸ್ತಾನ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಎಫ್-104 ಸ್ಟಾರ್‌ಫೈಟರ್.

ಈ ಎರಡು ವಿಮಾನಗಳ ನಡುವಿನ ವ್ಯತ್ಯಾಸ ತಿಳಿಯದಿದ್ದರೆ ಈ ಕಥೆಯ ತೂಕ ತಿಳಿಯುವುದಿಲ್ಲ. ಸ್ಟಾರ್‌ಫೈಟರ್ ಅಮೆರಿಕದಲ್ಲಿ ತಯಾರಾದದ್ದು, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ಆ ಕಾಲದಲ್ಲಿ ಅದರ ಹೆಸರು ಕೇಳಿದರೇ ಪೈಲಟ್‌ಗಳು ಎಚ್ಚರಗೊಳ್ಳುತ್ತಿದ್ದರು. ಮಿಸ್ಟೇರ್ ಅದಕ್ಕಿಂತ ಹಳೆಯ ಕಾಲದ ವಿಮಾನ, ನೇರವಾಗಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಆದರೆ ಸ್ಟಾರ್‌ಫೈಟರ್‌ಗೂ ಒಂದು ದೌರ್ಬಲ್ಯವಿತ್ತು. ಅದರ ರೆಕ್ಕೆಗಳು ಬಹಳ ಚಿಕ್ಕವು. ನೇರ ಓಟಕ್ಕೆ ಅದು ಅನುಕೂಲ, ಸುತ್ತಿ ತಿರುಗಿ ಕಾದಾಡುವಾಗ ಅನಾನುಕೂಲ. ಕೆಳಮಟ್ಟದಲ್ಲಿ, ಕಡಿಮೆ ವೇಗದಲ್ಲಿ ತಿರುವಿಗೆ ಇಳಿದರೆ ಮಿಸ್ಟೇರ್‌ಗೂ ಒಂದು ಅವಕಾಶವಿತ್ತು. ಹೆದ್ದಾರಿಯಲ್ಲಿ ಕಾರನ್ನು ಸೈಕಲ್ ಹಿಂದಿಕ್ಕಲಾರದು, ಆದರೆ ನಮ್ಮ ಬಸವಕಲ್ಯಾಣ ಕೋಟೆ ಬಳಿಯ ಓಣಿಗಳಲ್ಲಿ ತಿರುಗಬೇಕಾದರೆ ಸೈಕಲ್ಲೇ ಮುಂದೆ.

ಅಮ್ಜದ್ ಹುಸೇನ್ ಅವರ ಗುಂಡುಗಳು ಮಿಸ್ಟೇರ್‌ಗೆ ತಗುಲಿದವು. ವಿಮಾನ ಘಾಸಿಯಾಗಿತ್ತು. ಮನೆ ಸೇರಲು ಇಂಧನವೂ ಲೆಕ್ಕದಷ್ಟೇ ಇತ್ತು, ಕಾದಾಟಕ್ಕೆ ತಿರುಗಿದರೆ ಮರಳುವುದು ಕಷ್ಟ. ಆದರೂ ದೇವಯ್ಯ ತಿರುಗಿದರು. ಮಿಸ್ಟೇರ್‌ನಲ್ಲಿದ್ದ 30 ಮಿಲಿಮೀಟರ್ ಗನ್ನುಗಳಿಂದ ಸ್ಟಾರ್‌ಫೈಟರ್‌ಗೆ ಗುಂಡು ಹಾರಿಸಿದರು, ಅವು ಗುರಿ ಮುಟ್ಟಿದವು. ಅಮ್ಜದ್ ಹುಸೇನ್ ವಿಮಾನದಿಂದ ಹೊರಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಬದುಕಲಿಲ್ಲ. ಅವರು ಬಿದ್ದದ್ದು ಪಾಕಿಸ್ತಾನದ ನೆಲದಲ್ಲಿ.

ಅನಾಮತ್ತು ಖಾತೆಯಲ್ಲಿ ಒಂದು ಹೆಸರು

ಆದಂಪುರದಲ್ಲಿ ಉಳಿದವರು ಇಳಿದರು, ದೇವಯ್ಯ ಬರಲಿಲ್ಲ. ಏನಾಯಿತೆಂದು ಕಂಡವರು ಯಾರೂ ಇರಲಿಲ್ಲ. ದಾಖಲೆಯಲ್ಲಿ 'ಕಾಣೆಯಾಗಿದ್ದಾರೆ' ಎಂದು ಬರೆಯಲಾಯಿತು. ಮುಂದೆ, ಸತ್ತಿರಬೇಕು ಎಂದು ತೀರ್ಮಾನಿಸಲಾಯಿತು.

ನಮಗೆ ಪಾಠದಲ್ಲಿ ಸಸ್ಪೆನ್ಸ್ ಅಕೌಂಟ್ ಬರುತ್ತದೆ. ತಾಳೆಪಟ್ಟಿ ಸರಿಹೋಗದಿದ್ದಾಗ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿಡುತ್ತೇವೆ. ನಮ್ಮ ಅಬ್ಬಾ ಅಂಗಡಿಯ ಭಾಷೆಯಲ್ಲಿ ಅದು ಅನಾಮತ್ತು. ತಪ್ಪು ಸಿಕ್ಕ ದಿನ ಅದನ್ನು ಮುಚ್ಚಬೇಕು. 'ಕಾಣೆಯಾಗಿದ್ದಾರೆ' ಎಂಬ ಮಾತು ಹಾಗೆ ಒಂದು ಅನಾಮತ್ತು ಖಾತೆ. ಆದರೆ ಪುಸ್ತಕದಲ್ಲಿ ಅದು ಒಂದು ಸಾಲು, ಮನೆಯಲ್ಲಿ ಅದು ಒಂದು ಬದುಕು. ಪತ್ನಿ ಸುಂದರಿ ದೇವಯ್ಯ ಮತ್ತು ಮಕ್ಕಳು ಏನಾಯಿತೆಂದೇ ಗೊತ್ತಿಲ್ಲದೆ ವರ್ಷಗಳನ್ನು ಕಳೆದರು. 1965ರ ಯುದ್ಧದ ಶೌರ್ಯ ಪದಕಗಳು ಘೋಷಣೆಯಾದಾಗ ಅವುಗಳಲ್ಲಿ ದೇವಯ್ಯ ಹೆಸರು ಇರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ, ವೋಚರ್ ಇರಲಿಲ್ಲ.

ಆ ಕಡೆಯ ಪುಸ್ತಕ

ವೋಚರ್ ಸಿಕ್ಕಿದ್ದು ಗಡಿಯ ಆಚೆಯಿಂದ.

ಪಾಕಿಸ್ತಾನದಲ್ಲಿ ಬಹುಕಾಲ ಹೇಳುತ್ತಿದ್ದದ್ದು ಬೇರೆ ಮಾತು. ಸಿಡಿದ ಮಿಸ್ಟೇರ್‌ನ ಚೂರುಗಳು ತಗುಲಿ ತಮ್ಮ ಸ್ಟಾರ್‌ಫೈಟರ್ ಬಿತ್ತು ಎಂದು ಅಲ್ಲಿ ಹೇಳಲಾಗುತ್ತಿತ್ತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕವೊಂದು ಹೊರಬಂತು. 1965ರ ವಾಯುಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ಹೇಳುವ ಪುಸ್ತಕ ಅದು. ಭಾರತವನ್ನು ಹೊಗಳಲು ಬರೆದದ್ದಂತೂ ಅಲ್ಲ. ಆದರೆ ಅದರಲ್ಲಿ, ಸರ್ಗೋಧಾ ದಾಳಿಯ ದಿನ ಒಂದು ಮಿಸ್ಟೇರ್ ತಿರುಗಿ ನಿಂತು ಹೋರಾಡಿ ಸ್ಟಾರ್‌ಫೈಟರ್ ಅನ್ನು ಹೊಡೆದು ಉರುಳಿಸಿತು ಎಂಬ ವಿವರವಿತ್ತು. ಎದುರಾಳಿ ಪೈಲಟ್ಟೇ ಬದುಕುಳಿದ ಸಾಕ್ಷಿ. ಆ ದಾಳಿಯಿಂದ ಹಿಂತಿರುಗದ ಮಿಸ್ಟೇರ್ ಯಾರದ್ದು? ದೇವಯ್ಯ ಅವರದ್ದು.

ಈ ವಿಷಯ ಭಾರತೀಯ ವಾಯುಪಡೆಯವರ ಗಮನಕ್ಕೆ ಬಂತು. ತಮ್ಮ ದಾಖಲೆಗಳೊಂದಿಗೆ ಅವರು ಹೋಲಿಸಿ ನೋಡಿದರು. 1988ರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಕೊಡಲಾಯಿತು. ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು. ಘಟನೆಯಿಂದ ಪುಸ್ತಕಕ್ಕೆ 14 ವರ್ಷ, ಪುಸ್ತಕದಿಂದ ಪದಕಕ್ಕೆ 9 ವರ್ಷ.

ಇದನ್ನು ತರಗತಿಯಲ್ಲಿ ಗೆಳೆಯರಿಗೆ ಹೇಳಿದಾಗ ಒಬ್ಬ ತಕ್ಷಣ ಕೇಳಿದ, "ಶತ್ರುವಿನ ಮಾತು ನಂಬಿ ಪದಕ ಕೊಡ್ತಾರಾ?" ಇನ್ನೊಬ್ಬ ನನ್ನ ಕಡೆ ನೋಡಿ ನಗುತ್ತಾ, "ನೀನು ಪಾಕಿಸ್ತಾನದವರ ಮಾತು ಯಾಕೆ ಎತ್ತಿದಿ?" ಎಂದ. ಅವನು ತಮಾಷೆಗೇ ಹೇಳಿದ್ದು. ಆದರೂ ನನಗೆ ಒಂದು ಗಳಿಗೆ ಮಾತು ಹೊರಡಲಿಲ್ಲ. ಆ ಹೆಸರು ನನ್ನಂಥವರ ಬಾಯಲ್ಲಿ ಬಂದರೆ ಬೇರೆ ತರಹ ಕೇಳಿಸುತ್ತದೆ ಎಂದು ನಮಗೆಲ್ಲ ಗೊತ್ತು. ಮನೆಗೆ ಬಂದ ಮೇಲೆ ಉತ್ತರ ಹೊಳೆಯಿತು, ಅದೂ ನಮ್ಮ ಅಂಗಡಿಯಲ್ಲೇ.

ನಮ್ಮ ಅಬ್ಬಾ ಅವರದ್ದು ಚಿಕ್ಕ ಕಿರಾಣಿ ಅಂಗಡಿ. ಉದ್ರಿ ತೆಗೆದುಕೊಳ್ಳುವವರ ಲೆಕ್ಕ ಎರಡು ಕಡೆ ಇರುತ್ತದೆ. ಅಂಗಡಿಯ ಪುಸ್ತಕದಲ್ಲಿ ಒಂದು, ಗಿರಾಕಿಯ ಕೈಯಲ್ಲಿರುವ ಚಿಕ್ಕ ಪುಸ್ತಕದಲ್ಲಿ ಒಂದು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ತಗಡು ಸೋರಿ ನಮ್ಮ ಉದ್ರಿ ಪುಸ್ತಕ ತೊಯ್ದು ಹೋಯಿತು. ಶಾಯಿ ಹರಡಿ ಅರ್ಧ ಪುಟಗಳು ಓದಲಾರದಂತಾದವು. ಅಬ್ಬಾ ತಲೆ ಮೇಲೆ ಕೈಹೊತ್ತು ಕುಳಿತರು. ನಾಲ್ಕನೇ ದಿನ ಹಳ್ಳಿಯಿಂದ ಒಬ್ಬ ರೈತರು ಬಂದು ತಮ್ಮ ಪುಸ್ತಕ ಮುಂದಿಟ್ಟರು. "ಸೇಠ್, ನನ್ನ ಮ್ಯಾಲ 1,840 ರೂಪಾಯಿ ಅದ ನೋಡ್ರಿ" ಎಂದರು. ಅಬ್ಬಾ ಅವರ ನೆನಪಿನಲ್ಲಿದ್ದದ್ದು ಸಾವಿರ ಮಾತ್ರ. ಸುಮ್ಮನಿದ್ದರೆ ಅವರಿಗೆ ಲಾಭವೇ ಇತ್ತು. ಅಬ್ಬಾ ಆ ದಿನದಿಂದ ಅವರ ಮಾತಿಗೆ ಎದುರು ಮಾತಾಡುವುದಿಲ್ಲ.

ಲೆಕ್ಕದ ನಿಯಮವೂ ಅದೇ. ಪ್ರತಿ ವ್ಯವಹಾರಕ್ಕೆ ಎರಡು ಕಡೆ ಇರುತ್ತವೆ. ನಮ್ಮ ಪುಸ್ತಕದಲ್ಲಿ ಖಾಲಿ ಇದ್ದರೆ ಎದುರಿನವರ ಪುಸ್ತಕ ನೋಡಬೇಕು. ಆಡಿಟರ್‌ಗಳು ಬಾಕಿದಾರರಿಗೆ ಪತ್ರ ಬರೆದು ಬಾಕಿ ದೃಢಪಡಿಸಿಕೊಳ್ಳುವುದು ಇದಕ್ಕಾಗಿಯೇ. ಒಬ್ಬ ಮನುಷ್ಯ ತನಗೆ ಲಾಭವಾಗುವ ಮಾತು ಹೇಳಿದರೆ ಪರೀಕ್ಷಿಸಬೇಕು. ತನಗೆ ನಷ್ಟವಾಗುವ ಮಾತನ್ನು ತಾನೇ ಒಪ್ಪಿದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. 'ನನ್ನದಕ್ಕಿಂತ ಹಳೆಯ ವಿಮಾನ ನನ್ನನ್ನು ಉರುಳಿಸಿತು' ಎಂದು ಒಪ್ಪುವುದರಲ್ಲಿ ಯಾವ ಪೈಲಟ್‌ಗೂ ಹೆಮ್ಮೆಯಿಲ್ಲ. ಮರುದಿನ ಗೆಳೆಯನಿಗೆ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ಆ ಪೈಲಟ್ಟೂ ಗಂಡಸೇ ಬಿಡು" ಎಂದ.

ದಾದಿ ಕೇಳಿದ ಪ್ರಶ್ನೆ

ರಾತ್ರಿ ಊಟವಾದ ಮೇಲೆ ದಾದಿಗೆ ಈ ಕಥೆ ಹೇಳಿದೆ. ಅವರಿಗೆ ವಿಮಾನದ ಹೆಸರು, ಪದಕದ ಹೆಸರು ಯಾವುದೂ ಬೇಕಿರಲಿಲ್ಲ. ಅವರು ಕೇಳಿದ್ದು ಒಂದೇ: "ಆ ಹುಡುಗನನ್ನು ಮಣ್ಣು ಮಾಡಿದವರು ಯಾರು?"

ನಾನು ಓದಿದ್ದನ್ನು ಹೇಳಿದೆ. ಅಲ್ಲಿನ ಹಳ್ಳಿಯ ಜನ ದೇವಯ್ಯ ಅವರ ದೇಹವನ್ನು ಕಂಡು, ತಮ್ಮ ಹೊಲದ ಬಳಿಯೇ ಮಣ್ಣು ಮಾಡಿದರು. ಯುದ್ಧ ನಡೆಯುತ್ತಿದ್ದ ದಿನಗಳವು. ಆ ಬೆಳಿಗ್ಗೆ ತಮ್ಮ ದೇಶದ ಮೇಲೆ ದಾಳಿ ಮಾಡಿ ಹೊರಟಿದ್ದ ವಿಮಾನದವನು ಎಂದು ಅವರಿಗೂ ಗೊತ್ತಿರಲೇಬೇಕು. ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೆ ಮಂದಿ" ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಅವನ ಹೆಂಡತಿಗೆ ಇಷ್ಟಾದರೂ ಮೊದಲೇ ಗೊತ್ತಾಗಬೇಕಿತ್ತು" ಎಂದರು. ಪದಕ ತಡವಾದದ್ದಕ್ಕಿಂತ ದೊಡ್ಡ ತಡ ಯಾವುದೆಂದು ನನಗೆ ಆಗ ತಿಳಿಯಿತು.

ಬೆಳ್ಳಿಯ ಬೆಲೆ ಎಷ್ಟು?

ವಾಣಿಜ್ಯ ವಿದ್ಯಾರ್ಥಿಯಾದ್ದರಿಂದ ಈ ಪ್ರಶ್ನೆ ಬಿಡಲಾರೆ. ಶೌರ್ಯ ಪದಕದೊಂದಿಗೆ ಕೇಂದ್ರ ಸರ್ಕಾರ ಪ್ರತಿ ತಿಂಗಳು ಒಂದು ಭತ್ಯೆ ಕೊಡುತ್ತದೆ. 2017ರಲ್ಲಿ ಅದನ್ನು ದುಪ್ಪಟ್ಟು ಮಾಡಲಾಯಿತು. ಪರಮವೀರ ಚಕ್ರಕ್ಕೆ 10,000 ರೂಪಾಯಿ ಇದ್ದದ್ದು 20,000, ಮಹಾವೀರ ಚಕ್ರಕ್ಕೆ 5,000 ಇದ್ದದ್ದು 10,000, ವೀರ ಚಕ್ರಕ್ಕೆ 3,500 ಇದ್ದದ್ದು 7,000 ಆಯಿತು. ಪದಕ ಪಡೆದವರು ತೀರಿಹೋದರೆ ಅದು ಪತ್ನಿಗೆ ಸಲ್ಲುತ್ತದೆ. ಇದರಾಚೆ ರಾಜ್ಯ ಸರ್ಕಾರಗಳೂ ಕೊಡುವುದುಂಟು.

ನಮ್ಮ ಪಾಠದಲ್ಲಿ ಗುಡ್‌ವಿಲ್ ಎಂಬ ಆಸ್ತಿ ಬರುತ್ತದೆ. ಕೈಯಲ್ಲಿ ಹಿಡಿಯಲಾಗದು, ಆದರೆ ಇದೆ. ಪದಕದ ಬೆಳ್ಳಿಯನ್ನು ಸರಾಫನ ತಕ್ಕಡಿಯಲ್ಲಿ ತೂಗಿ ಬೆಲೆ ಹೇಳಬಹುದು. 'ಕಾಣೆಯಾಗಿದ್ದಾರೆ' ಎಂಬ ಸಾಲನ್ನು ಅಳಿಸಿ 'ಹೋರಾಡಿ ಮಡಿದರು' ಎಂದು ಬರೆದದ್ದಕ್ಕೆ ಬೆಲೆ ಹೇಳಲು ನಮ್ಮ ಪುಸ್ತಕದಲ್ಲಿ ಸೂತ್ರವಿಲ್ಲ.

ನಮ್ಮ ತಲೆಯ ಮೇಲಿನ ಸದ್ದು

ಈ ಕಥೆ ದೂರದ್ದು ಅನ್ನಿಸಬಹುದು. ಕೊಡಗು ಕರ್ನಾಟಕದ ಆ ತುದಿ, ನಾವು ಈ ತುದಿ. ಆದರೆ ಬೀದರಿನ ವಾಯುನೆಲೆ ಎಲ್ಲರಿಗೂ ಗೊತ್ತು. ಅದು ದೇಶದ ಮುಖ್ಯ ತರಬೇತಿ ಕೇಂದ್ರಗಳಲ್ಲಿ ಒಂದು. ಸೂರ್ಯಕಿರಣ್ ಎಂಬ ಹೆಸರಿನ ವಿಮಾನ ಪ್ರದರ್ಶನ ತಂಡ 1996ರಲ್ಲಿ ಕಟ್ಟಿದ್ದು ಬೀದರಿನಲ್ಲೇ. 2008ರಿಂದ ಅಲ್ಲಿ ಹಾಕ್ ಎಂಬ ತರಬೇತಿ ಜೆಟ್‌ಗಳಿವೆ. ಯುದ್ಧವಿಮಾನದ ಪೈಲಟ್ ಆಗಬೇಕಾದವರು ಅದರಲ್ಲಿ ಕಲಿಯುತ್ತಾರೆ. ಅಂಥ ವಿಮಾನದ ಹಿಂದಿನ ಆಸನದಲ್ಲಿ ಕುಳಿತು ಕಲಿಸುವವರು ದೇವಯ್ಯ ಅವರಂಥ ಬೋಧಕರು. ಆಕಾಶದಲ್ಲಿ ಸದ್ದು ಕೇಳಿದಾಗ ನಾವು ಕಿವಿ ಮುಚ್ಚಿ ಮೇಲೆ ನೋಡುತ್ತೇವಲ್ಲ, ಅಲ್ಲಿ ಯಾರೋ ಒಬ್ಬರು ಪಾಠ ಮಾಡುತ್ತಿರಬಹುದು.

2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ಬಂತು, ನಮ್ಮಲ್ಲಿ ಹಲವರು ನೋಡಿದ್ದಾರೆ. ಅದಕ್ಕೆ ಸ್ಫೂರ್ತಿ ಇದೇ ಘಟನೆ. ಆದರೆ ಸಿನಿಮಾದಲ್ಲಿ ಹೆಸರುಗಳು ಬೇರೆ, ಹಾಡು ಮತ್ತು ಸನ್ನಿವೇಶಗಳು ಕಥೆಗಾರರವು. ಸಿನಿಮಾ ನೋಡಿದವರು ಕನಿಷ್ಠ ನಿಜವಾದ ಹೆಸರನ್ನು ನೆನಪಿಟ್ಟುಕೊಳ್ಳಲಿ: ಅಜ್ಜಮಾಡ ಬೋಪಯ್ಯ ದೇವಯ್ಯ, ಕೊಡಗು, 1ನೇ ಸ್ಕ್ವಾಡ್ರನ್, 1965ರ ಸೆಪ್ಟೆಂಬರ್ 7.

ಕೊನೆಗೆ ಒಂದು ಕೋರಿಕೆ

ಇಷ್ಟು ಓದಿದ ಮೇಲೆ ನಾನು ಮತ್ತೆ ಬ್ಯಾಂಕಿನ ಕಾಕಾ ಬಳಿ ಹೋದೆ. ಸಿಯಾಚಿನ್ ಪದಕದ ಬಗ್ಗೆ ಕೇಳಿದೆ. ಬ್ಯಾಂಕಿನ ಊಟದ ಬಿಡುವಿನಲ್ಲಿ ಅವರು ಅರ್ಧ ಗಂಟೆ ಮಾತಾಡಿದರು. ಒಂದು ರಾತ್ರಿ ಹಿಮದಲ್ಲಿ ಕಾಲು ಮರಗಟ್ಟಿದ ಜೊತೆಗಾರನನ್ನು ಅವರೂ ಇನ್ನೊಬ್ಬರೂ ಸರದಿಯಲ್ಲಿ ಹೊತ್ತು ಕೆಳಗಿನ ಠಾಣೆಗೆ ತಂದರಂತೆ. "ಇದಕ್ಕ ಪದಕ ಬರಲಿಲ್ಲೇನ್ರಿ?" ಎಂದೆ. "ಅಲ್ಲಿ ಎಲ್ಲರೂ ಅದನ್ನೇ ಮಾಡ್ತಾರಪ, ಯಾರು ಬರೀಬೇಕು?" ಎಂದರು. ಅವರ ಮಕ್ಕಳಿಗೂ ಈ ಮಾತು ಪೂರ್ತಿ ಗೊತ್ತಿಲ್ಲವಂತೆ. ನಾನು ಅವರ ಒಪ್ಪಿಗೆ ಪಡೆದು, ತಿಂಗಳು, ವರ್ಷ, ಜಾಗ ಕೇಳಿ ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಓದಿ ಹೇಳಿದೆ. ಅವರು ಒಂದು ಕಡೆ ತಿದ್ದಿಸಿದರು.

ನಮ್ಮ ಎರಡೂ ತಾಲ್ಲೂಕುಗಳಲ್ಲಿ ಸೈನ್ಯದಿಂದ ಬಂದವರು ಅನೇಕರಿದ್ದಾರೆ. ಕೆಲವರು ಹೊಲದಲ್ಲಿದ್ದಾರೆ, ಕೆಲವರು ಕಾವಲು ಕೆಲಸದಲ್ಲಿ, ಕೆಲವರು ನಮ್ಮ ಬಸ್ಸಿನಲ್ಲೇ ಪಕ್ಕದ ಸೀಟಿನಲ್ಲಿ. ಅವರಿಗೆ ಪದಕ ಕೊಡಿಸುವುದು ನಮ್ಮ ಕೈಯಲ್ಲಿಲ್ಲ, ಬರೆದಿಡುವುದು ಇದೆ. ಈ ರಜೆಯಲ್ಲಿ ಒಬ್ಬೊಬ್ಬರು ಒಬ್ಬರನ್ನಾದರೂ ಮಾತಾಡಿಸೋಣ. ಯಾವ ವರ್ಷ ಸೇರಿದರು, ಎಲ್ಲೆಲ್ಲಿ ಇದ್ದರು, ಎದೆಯ ಮೇಲಿನ ಪ್ರತಿ ರಿಬ್ಬನ್ ಯಾವುದರದ್ದು, ಜೊತೆಗಿದ್ದವರು ಯಾರು ಎಂದು ಕೇಳೋಣ. ತಾರೀಖು ಹಾಕಿ ಬರೆಯೋಣ, ಬರೆದದ್ದನ್ನು ಅವರಿಗೇ ಓದಿ ತೋರಿಸೋಣ. ಮುಂದಿನ ಸಂಚಿಕೆಗೆ ಕೊಟ್ಟರೆ ಸಂಪಾದಕ ಮಂಡಳಿ ಖಂಡಿತ ಪ್ರಕಟಿಸುತ್ತದೆ ಎಂದು ನಮ್ಮ ಕನ್ನಡ ಉಪನ್ಯಾಸಕರು ಹೇಳಿದ್ದಾರೆ.

ಕಾಕಾ ಅವರ ಪುಟ ನನ್ನ ಬಳಿ ಸಿದ್ಧವಿದೆ.